ಕಂಪನಿಯ ಆಂಪ್ ಉಳಿಸುವುದೋ, ದಾಟುವುದೋ: ಕಾರಿನ ಸ್ಟೀರಿಯೊ ಬದಲಿಸುವವರಿಗೆ ಒಂದು ಹೋಲಿಕೆ

ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಆಂಡ್ರಾಯ್ಡ್ ಸ್ಟೀರಿಯೊ ಕೂರಿಸಿ ಆಗಿದೆ. ಪರದೆ ಬೆಳಗುತ್ತದೆ, ನಕ್ಷೆ ಬರುತ್ತದೆ, ಹಾಡು ಓಡುತ್ತಿರುವುದೂ ಕಾಣುತ್ತದೆ. ಸ್ಪೀಕರುಗಳಿಂದ ಮಾತ್ರ ಒಂದು ಸೊಲ್ಲಿಲ್ಲ. ಆಗ ಅಂಗಡಿಯವರು ಹೇಳುವ ಮಾತು ಮಂಗಳೂರಿನ ಪಂಪ್‌ವೆಲ್‌ನಲ್ಲಾದರೂ ಉಡುಪಿಯ ಕಲ್ಸಂಕದಲ್ಲಾದರೂ ಒಂದೇ: “ಇದರಲ್ಲಿ ಕಂಪನಿಯ ಆಂಪ್ ಉಂಟು. ಬೈಪಾಸ್ ಮಾಡಬೇಕಾಗುತ್ತದೆ, ಮಾಡುವುದಾ?” ಕಾರಿನ ಒಡಲು ತೆರೆದುಕೊಂಡಿರುವಾಗ, ಅಂಗಡಿ ಮುಚ್ಚುವ ಹೊತ್ತು ಹತ್ತಿರವಾಗುತ್ತಿರುವಾಗ, ಯೋಚಿಸಿ ಉತ್ತರಿಸಲು ಯಾರಿಗೂ ಆಗುವುದಿಲ್ಲ. ಹೂಂ ಎಂದುಬಿಡುತ್ತೇವೆ. ಆ ಹೂಂಗಿಂತ ಮೊದಲು, ಮನೆಯಲ್ಲಿ ಕುಳಿತು ನಿರ್ಧರಿಸಲು ಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೈಪಾಸ್ ಎಂದರೆ ಕಾರು ತಯಾರಾಗುವಾಗಲೇ ಕೂರಿಸಿದ್ದ ಆಂಪ್ಲಿಫೈಯರನ್ನು (ಸದ್ದಿಗೆ ಬಲ ಕೊಡುವ ಪೆಟ್ಟಿಗೆ, ಚಿಕ್ಕದಾಗಿ ಆಂಪ್) ಬದಿಗಿಟ್ಟು, ಸ್ಟೀರಿಯೊದಿಂದ ಹೊರಟ ಸದ್ದು ನೇರವಾಗಿ ಸ್ಪೀಕರಿಗೆ ಹೋಗುವಂತೆ ಮಾಡುವುದು. ಎಷ್ಟೋ ಕಾರುಗಳಿಗೆ ಅದೇ ಸರಿಯಾದ ದಾರಿ. ಆದರೆ ಆ ಪೆಟ್ಟಿಗೆ ನಾಲ್ಕು ಕೆಲಸಗಳನ್ನು ಮಾಡುತ್ತಿರುತ್ತದೆ. ಅದನ್ನು ತೆಗೆದ ಮೇಲೆ ಆ ನಾಲ್ಕನ್ನೂ ಯಾರು ಮಾಡುತ್ತಾರೆ ಎಂಬುದಕ್ಕೆ ನಿಮ್ಮ ಬಳಿ ಉತ್ತರ ಇದ್ದರೆ ದಾಟಿ, ಇಲ್ಲದಿದ್ದರೆ ಮುಟ್ಟಬೇಡಿ. ನನ್ನ ವಾದ ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ನಿಮ್ಮ ಕಾರಿನಲ್ಲಿ ಆಂಪ್ ಇದೆಯೇ?

ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಪ್ರತ್ಯೇಕ ಆಂಪ್ ಇಲ್ಲ. ಬಾಗಿಲಿಗೊಂದರಂತೆ ನಾಲ್ಕು ಸ್ಪೀಕರ್, ಮುಂದೆ ಎರಡು ಟ್ವೀಟರ್ (ಮೇಲಿನ ಸ್ವರಗಳ ಸಣ್ಣ ಸ್ಪೀಕರ್) ಇದ್ದರೆ ಅವನ್ನು ಸ್ಟೀರಿಯೊದ ಒಳಗಿನ ಚಿಪ್ ಒಂದೇ ನಡೆಸುತ್ತದೆ. ಅಲ್ಲಿ ದಾಟಲು ಏನೂ ಇಲ್ಲ, ಈ ಲೇಖನವೂ ನಿಮಗೆ ಬೇಕಿಲ್ಲ. ಬೋಸ್, ಜೆಬಿಎಲ್, ಹರ್ಮನ್, ಸೋನಿ ಮುಂತಾದ ಹೆಸರು ಹೊತ್ತ ಮೇಲಿನ ಆವೃತ್ತಿಗಳ ಕಥೆ ಬೇರೆ. ಕ್ರೆಟಾದ ಎಂಟು ಸ್ಪೀಕರಿನ ಬೋಸ್, ಎಕ್ಸ್‌ಯುವಿ 700ರ ಹನ್ನೆರಡು ಸ್ಪೀಕರಿನ ಸೋನಿ ಇಂಥವು. ಹೆಸರಿನ ಬಿಲ್ಲೆಯನ್ನೇ ಸಾಕ್ಷಿ ಎಂದುಕೊಳ್ಳಬೇಡಿ. ಕೆಲವು ಕಾರುಗಳಲ್ಲಿ ಹೆಸರು ಮಾತ್ರ ಇರುತ್ತದೆ, ಬೇರೆ ಪೆಟ್ಟಿಗೆ ಇರುವುದಿಲ್ಲ. ಸ್ಪೀಕರುಗಳು ಆರಕ್ಕಿಂತ ಹೆಚ್ಚಿದ್ದರೆ, ಅಥವಾ ಡಿಕ್ಕಿಯಲ್ಲಿ ಸಬ್ ವೂಫರ್ (ಕೆಳಗಿನ ಸ್ವರಗಳ ಸ್ಪೀಕರ್) ಇದ್ದರೆ, ಆಂಪ್ ಇರುವ ಸಾಧ್ಯತೆ ಹೆಚ್ಚು. ಮುಂದಿನ ಸೀಟಿನ ಕೆಳಗೆ, ಗ್ಲೋವ್ ಬಾಕ್ಸ್ ಹಿಂದೆ, ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದೊಳಗೆ ಹುಡುಕಿ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿನ ಪಟ್ಟಿಯಲ್ಲಿ ‘ಆಂಪ್’ ಎಂಬ ಫ್ಯೂಸ್ ಇದೆಯೇ ನೋಡಿ. ಇದಕ್ಕೆ ಯಾವ ಅಂಗಡಿಗೂ ಹೋಗಬೇಕಿಲ್ಲ.

ಆ ಪೆಟ್ಟಿಗೆಯ ನಾಲ್ಕು ಕೆಲಸ

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಸದ್ದಿಗೆ ಬಲ ಕೊಡುವುದು. ಇಲ್ಲಿಯೇ ಒಂದು ಲೆಕ್ಕ ಹೇಳಬೇಕು. ಹೊಸ ಸ್ಟೀರಿಯೊದ ಡಬ್ಬಿಯ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ (ಸದ್ದು ಹೊರಡುವ ದಾರಿ) ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದರ ಬೆನ್ನಿಗಿರುವ ಫ್ಯೂಸ್ ನೋಡಿ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಸುಮಾರು 14 ವೋಲ್ಟ್. 10 ಆಂಪಿಯರಿಗೆ ಒಟ್ಟು ಒಳಹೋಗುವುದೇ 140 ವ್ಯಾಟ್, ಅದರಲ್ಲೂ ಒಂದಷ್ಟು ಶಾಖವಾಗಿ ಹೋಗುತ್ತದೆ. ಹೀಗಿರುವಾಗ ನಾಲ್ಕು ಚಾನೆಲ್ ಸೇರಿ 200 ವ್ಯಾಟ್ ನಿರಂತರವಾಗಿ ಹೊರಬರುವುದು ಹೇಗೆ? ನಾಲ್ಕು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಇಂಥ ಸ್ಟೀರಿಯೊ ನಿಜವಾಗಿ ಕೊಡುವುದು ಚಾನೆಲ್ಲಿಗೆ 18ರಿಂದ 22 ವ್ಯಾಟ್, ಅಷ್ಟೇ. ಕಂಪನಿಯ ಆಂಪನ್ನು ತೆಗೆದು ಸ್ಟೀರಿಯೊಗೇ ಸ್ಪೀಕರುಗಳನ್ನು ಜೋಡಿಸಿದಾಗ ಸದ್ದು ಸೊರಗುವುದು ಇದರಿಂದ. ಅಂಗಡಿಯವರ ಕೈಚಳಕದಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ.

ಎರಡನೆಯದು ಹಂಚಿಕೆ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜಗಳನ್ನು ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು ಬೇರ್ಪಡಿಸುವ ಹಾಗೆ, ಆಂಪ್ ತನ್ನೊಳಗೇ ಸದ್ದನ್ನು ವಿಂಗಡಿಸುತ್ತದೆ: ಮೇಲಿನ ಸ್ವರ ಟ್ವೀಟರಿಗೆ, ನಡುವಿನದು ಬಾಗಿಲಿಗೆ, ಕೆಳಗಿನ ಗುಡುಗು ಸಬ್ ವೂಫರಿಗೆ. ಎಷ್ಟೋ ಕಾರುಗಳಲ್ಲಿ ಟ್ವೀಟರಿನ ಬೆನ್ನಿಗೆ ಬೇರೆ ಯಾವ ರಕ್ಷಣೆಯೂ ಇರುವುದಿಲ್ಲ, ಎಲ್ಲವನ್ನೂ ಆಂಪೇ ನೋಡಿಕೊಳ್ಳುತ್ತದೆ. ಆಂಪ್ ಹೋದ ಕೂಡಲೇ ಪೂರ್ಣ ಸದ್ದು ನೇರವಾಗಿ ಟ್ವೀಟರಿಗೆ ನುಗ್ಗುತ್ತದೆ. ಮೊದಲು ಕರ್ಕಶ, ಆಮೇಲೆ ಮೌನ. ಒಳಗಿನ ತೆಳು ತಂತಿಯ ಸುರುಳಿ ಸುಟ್ಟಿರುತ್ತದೆ.

ಮೂರನೆಯದು ಆ ಕಾರಿನ ಒಳಾಂಗಣಕ್ಕೆ ತಕ್ಕಂತೆ ಸದ್ದನ್ನು ತಿದ್ದುವುದು. ಬಲಗಡೆ ಕೂತ ಚಾಲಕನಿಗೆ ಬಲಬಾಗಿಲಿನ ಸ್ಪೀಕರ್ ಹತ್ತಿರ, ಎಡದ್ದು ದೂರ. ಸೀಟಿನ ಬಟ್ಟೆ ಸದ್ದು ಹೀರುತ್ತದೆ, ಗಾಜು ಎಸೆಯುತ್ತದೆ. ಈ ಲೆಕ್ಕವೆಲ್ಲ ಕಾರ್ಖಾನೆಯಲ್ಲೇ ಆಂಪಿನೊಳಗೆ ಬರೆದಿರುತ್ತದೆ.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಸೀಟ್ ಬೆಲ್ಟ್ ಎಚ್ಚರಿಕೆ, ಹಿಂದೆ ತೆಗೆಯುವಾಗಿನ ಬೀಪ್, ಇಂಡಿಕೇಟರಿನ ಟಿಕ್ ಟಿಕ್, ಫೋನ್ ಕರೆಯ ದನಿ — ಇವು ಕೆಲವು ಕಾರುಗಳಲ್ಲಿ ಇದೇ ಆಂಪಿನ ಮೂಲಕ ಇದೇ ಸ್ಪೀಕರುಗಳಿಂದ ಬರುತ್ತವೆ. ದಾಟಿದ ಮೇಲೆ ಅವೂ ಹೋಗುತ್ತವೆ. ಹಾಡು ಹೋದರೆ ಬೇಸರ. ಕಾರ್‌ಸ್ಟ್ರೀಟಿನ ಇಕ್ಕಟ್ಟಿನಲ್ಲಿ ಹಿಂದೆ ತೆಗೆಯುವಾಗ ಬೀಪ್ ಬಾರದಿದ್ದರೆ ಅದು ಸುರಕ್ಷತೆಯ ಪ್ರಶ್ನೆ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು?

ಬೆಲೆಯಿಂದ ಶುರು ಮಾಡಬೇಡಿ. ಮೊದಲು ಸ್ಪೀಕರುಗಳ ಓಮ್ ಎಷ್ಟು ಎಂದು ತಿಳಿಯಿರಿ, ಏಕೆಂದರೆ ಬೇರೆಲ್ಲ ಆಯ್ಕೆಗಳ ಬಾಗಿಲು ತೆರೆಯುವುದೂ ಮುಚ್ಚುವುದೂ ಅದರಿಂದ. ಆಂಪಿನ ಕಪ್ಲರ್ (ತಂತಿಗಳನ್ನು ಒಟ್ಟಿಗೆ ಸಿಕ್ಕಿಸುವ ತುದಿ) ಕಳಚಿ, ಸ್ಪೀಕರಿಗೆ ಹೋಗುವ ಎರಡು ತಂತಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ. 3.2ರಿಂದ 3.8ರ ಆಸುಪಾಸು ತೋರಿದರೆ ಅದು ನಾಲ್ಕು ಓಮ್ ಸ್ಪೀಕರ್, ಹೊಸ ಸ್ಟೀರಿಯೊ ಅದನ್ನು ನಿಭಾಯಿಸುತ್ತದೆ. 1.6ರಿಂದ 1.8 ತೋರಿದರೆ ಅದು ಎರಡು ಓಮ್. ಆಂಪಿನೊಂದಿಗೆ ಬರುವ ಸ್ಪೀಕರುಗಳು ಹಲವೆಡೆ ಹೀಗೇ ಇರುತ್ತವೆ, ಬೋಸ್‌ನ ಕೆಲವು ಹಳೆಯ ವ್ಯವಸ್ಥೆಗಳಲ್ಲಿ ಇನ್ನೂ ಕಡಿಮೆ. ಓಮ್ ಅರ್ಧಕ್ಕಿಳಿದರೆ ಎಳೆಯುವ ವಿದ್ಯುತ್ತು ಇಮ್ಮಡಿ. ನಾಲ್ಕು ಓಮ್‌ಗೆಂದು ಮಾಡಿದ ಸ್ಟೀರಿಯೊ ಬಿಸಿಯಾಗಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಯಕ್ಷಗಾನದ ಭಾಗವತರು ಪದ್ಯದ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ದನಿ ನಿಂತು, ಐದು ನಿಮಿಷದ ಬಳಿಕ ಮತ್ತೆ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಎರಡನೆಯ ಅಳತೆ ವಾರಂಟಿ. ಕಾರು ವಾರಂಟಿಯಲ್ಲಿದ್ದರೆ ತಂತಿ ಕತ್ತರಿಸುವ ಯಾವ ದಾರಿಯೂ ಬೇಡ. ಮುಂದೆ ವಿದ್ಯುತ್ ಸಂಬಂಧಿ ದೋಷ ಬಂದಾಗ, ಅದು ನಿಮ್ಮ ಸ್ಟೀರಿಯೊದಿಂದ ಆಗಿರದಿದ್ದರೂ, ಕತ್ತರಿಸಿದ ತಂತಿಯನ್ನು ತೋರಿಸಿ ಸರ್ವಿಸ್ ಕೇಂದ್ರದವರು ಕೈತೊಳೆದುಕೊಳ್ಳಬಹುದು. ಕಪ್ಲರಿಗೆ ಕಪ್ಲರ್ ಸಿಕ್ಕಿಸುವ ಜೋಡಣೆಯಾದರೆ ಯಾವಾಗ ಬೇಕಾದರೂ ಹಿಂದಿನಂತೆ ಮಾಡಬಹುದು. ಮೂರನೆಯದು, ನೀವು ಏನು ಕೇಳುತ್ತೀರಿ ಎಂಬುದು. ಬೆಳಗಿನ ಆಕಾಶವಾಣಿ, ಸುದ್ದಿ, ತಾಳಮದ್ದಳೆಯ ಅರ್ಥ — ಇವೆಲ್ಲ ಮಾತು. ಮಾತಿನ ಸ್ಪಷ್ಟತೆಗೆ ಬೇಕಾದದ್ದು ಹೆಚ್ಚಾಗಿ 300ರಿಂದ 3,000 ಹರ್ಟ್ಸ್ ನಡುವೆಯೇ ಇರುತ್ತದೆ, ಅದಕ್ಕೆ 20 ವ್ಯಾಟ್ ಧಾರಾಳ. ಚೆಂಡೆಗೆ ಸಾಲದು. ಚೆಂಡೆಯ ಪೆಟ್ಟು ಕ್ಷಣಮಾತ್ರದಲ್ಲಿ ಮೇಲೇರುತ್ತದೆ. ಆ ಕ್ಷಣಕ್ಕೆ ಕೊಡಲು ಆಂಪಿನಲ್ಲಿ ಬಲ ಮಿಗದಿದ್ದರೆ ಪೆಟ್ಟಿನ ನೆತ್ತಿ ಕತ್ತರಿಸಿ ಹೋಗಿ, ತಗಡು ಬಡಿದಂತೆ ಕೇಳುತ್ತದೆ. ಅಬ್ಬರದ ಏರುಪದ್ಯ ಕೇಳುವವರು, ಬೇಸ್ ಹೆಚ್ಚಿರುವ ಸಿನಿಮಾ ಹಾಡು ಕೇಳುವವರು ಬಲದ ವಿಷಯದಲ್ಲಿ ರಾಜಿ ಆಗಬಾರದು.

ನಾಲ್ಕನೆಯದು ನಮ್ಮ ಊರಿನ ಹವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ದಿನಗಳಲ್ಲಿ ಉಪ್ಪುಗಾಳಿ ಬೀಸುವ ಜಾಗದಲ್ಲಿ ಪ್ರತಿ ಹೊಸ ತಂತಿಯ ಜೋಡವೂ ತುಕ್ಕಿಗೆ ಒಂದು ಹೊಸ ಬಾಗಿಲು. ಎರಡು ದಾರಿಗಳು ಬೇರೆಲ್ಲದರಲ್ಲೂ ಸಮಬಲ ಎನ್ನಿಸಿದರೆ, ಕಡಿಮೆ ಜೋಡಗಳಿರುವುದನ್ನು ಆರಿಸಿ. ಬೆಂಗಳೂರಿನ ವಿಡಿಯೊಗಳನ್ನು ನೋಡಿ ಕಲಿತವರು ಈ ಮಾತನ್ನು ಹೇಳುವುದಿಲ್ಲ.

ದಾರಿ ಒಂದು: ಹೊಸ ಸ್ಟೀರಿಯೊ, ಹಳೆಯ ಆಂಪ್

ಕಂಪನಿಯ ಆಂಪನ್ನು ಅದರ ಜಾಗದಲ್ಲೇ ಬಿಟ್ಟು, ಹೊಸ ಸ್ಟೀರಿಯೊದ ಸದ್ದನ್ನು ಅದಕ್ಕೆ ಉಣಿಸುವುದು. ಓಮ್, ಹಂಚಿಕೆ, ಸಬ್ ವೂಫರ್, ಯಾವುದರ ಚಿಂತೆಯೂ ಇಲ್ಲ. ಟ್ವೀಟರ್ ಸುಡುವ ಭಯವಿಲ್ಲ. ತಂತಿ ಎಳೆಯುವ ಕೆಲಸವಿಲ್ಲ. ನಿಮ್ಮ ಮಾದರಿಗೆಂದೇ ಮಾಡಿದ ಕಪ್ಲರ್ ಮತ್ತು ಕ್ಯಾನ್ ಬಸ್ (ಕಾರಿನ ಭಾಗಗಳು ಪರಸ್ಪರ ಸಂದೇಶ ಕಳುಹಿಸುವ ತಂತಿಜಾಲ) ಪೆಟ್ಟಿಗೆ ಸಿಗುವುದಾದರೆ ನಾನು ಮೊದಲು ಸೂಚಿಸುವುದು ಇದನ್ನೇ.

ತೊಡಕು ಇರುವುದು ಆಂಪನ್ನು ಎಬ್ಬಿಸುವುದರಲ್ಲಿ. ಹಳೆಯ ಕಾರುಗಳಲ್ಲಿ ಒಂದು ತಂತಿಗೆ 12 ವೋಲ್ಟ್ ಕೊಟ್ಟರೆ ಆಂಪ್ ಎಚ್ಚರವಾಗುತ್ತದೆ; ಹೊಸ ಸ್ಟೀರಿಯೊದಿಂದ ಹೊರಡುವ ನೀಲಿ-ಬಿಳಿ ಪಟ್ಟೆಯ ತಂತಿ ಇರುವುದು ಅದಕ್ಕೇ. ಹೊಸ ಕಾರುಗಳಲ್ಲಿ ಆಂಪ್ ಏಳುವುದು ಕ್ಯಾನ್ ಬಸ್ ತಂತಿಯಲ್ಲಿ ಬರುವ ಸಂದೇಶ ಕೇಳಿ. ಆ ಸಂದೇಶ ಕಳುಹಿಸುತ್ತಿದ್ದ ಮೂಲ ಸ್ಟೀರಿಯೊವನ್ನೇ ತೆಗೆದ ಮೇಲೆ ಆಂಪ್ ನಿದ್ದೆಯಲ್ಲೇ ಇರುತ್ತದೆ. ಆರಂಭದಲ್ಲಿ ಹೇಳಿದ ಮೌನಕ್ಕೆ ಬಹಳ ಸಲ ಕಾರಣ ಇದು. ಅಂದರೆ ಅಂಗಡಿಯವರು ಬೈಪಾಸ್ ಬೇಕು ಎನ್ನುವಾಗ, ನಿಜಕ್ಕೂ ಬೇಕಾಗಿರುವುದು ಸರಿಯಾದ ಕ್ಯಾನ್ ಬಸ್ ಪೆಟ್ಟಿಗೆ ಮಾತ್ರ ಆಗಿರಬಹುದು. ಇದನ್ನು ಕೇಳಿಯೇ ಮುಂದುವರಿಯಿರಿ.

ಇನ್ನೊಂದು ತೊಡಕು ಸಿಗ್ನಲ್ಲಿನ ಮಟ್ಟ. ಹೊಸ ಸ್ಟೀರಿಯೊದ ಆರ್‌ಸಿಎ (ಆಂಪಿಗೆ ಸಿಗ್ನಲ್ ಒಯ್ಯುವ ಜೋಡಣೆ) ಕೊಡುವುದು 2 ಅಥವಾ 4 ವೋಲ್ಟ್. ಆಂಪ್ ಅದಕ್ಕಿಂತ ಹೆಚ್ಚು ಬಯಸಿದರೆ ಸದ್ದು ಪೀಚು. ಕಡಿಮೆ ಬಯಸುವ ಆಂಪಿಗೆ ಸ್ಪೀಕರ್ ತಂತಿಯನ್ನೇ ನೇರ ಜೋಡಿಸಿದರೆ ಸುಂಯ್‌ಗುಡುವ ಸದ್ದು, ಒಡಕು. ನಡುವೆ ಮಟ್ಟ ಹೊಂದಿಸುವ ಹೈ-ಲೋ ಕನ್ವರ್ಟರ್ ಬೇಕಾಗುತ್ತದೆ. ಸಾಧಾರಣದ್ದು ಕೆಲವು ನೂರು ರೂಪಾಯಿ, ಒಳ್ಳೆಯದು ಎರಡು ಸಾವಿರದ ಆಸುಪಾಸು. ಇಲ್ಲಿ ಉಳಿತಾಯ ಮಾಡಬೇಡಿ. ಕೆಲವು ಕಾರುಗಳಲ್ಲಿ ವಾಲ್ಯೂಮ್ ಏರಿಳಿತವೂ ಸಂದೇಶದ ಮೂಲಕವೇ ಆಗುತ್ತದೆ. ಅಂಥವುಗಳಿಗೆ ಮಾದರಿಗೆ ತಕ್ಕ ಪೆಟ್ಟಿಗೆ ಸಿಗದಿದ್ದರೆ ಈ ದಾರಿ ಮುಚ್ಚಿದಂತೆಯೇ. ಎರಡನೇ ಕೈಯಲ್ಲಿ ಕೊಂಡ ಐಷಾರಾಮಿ ಜರ್ಮನ್ ಕಾರುಗಳದ್ದು ಬೇರೆಯೇ ಸಮಸ್ಯೆ: ಅವುಗಳಲ್ಲಿ ಹಲವು ಮಾದರಿಗಳ ಸದ್ದು ತಾಮ್ರದ ತಂತಿಯಲ್ಲಿ ಹೋಗುವುದಿಲ್ಲ, ಬೆಳಕಿನ ಎಳೆಯಲ್ಲಿ ಹೋಗುತ್ತದೆ. ಆ ಎಳೆಯ ಉಂಗುರದಿಂದ ಒಂದು ಪೆಟ್ಟಿಗೆ ಕಳಚಿದರೆ ಇಡೀ ವ್ಯವಸ್ಥೆ ಮೂಕ. ಅದನ್ನು ಬಲ್ಲವರ ಕೈಗೆ ಮಾತ್ರ ಕೊಡಿ.

ದಾರಿ ಎರಡು: ಆಂಪಿನ ಬಳಿಯೇ ಒಳ-ಹೊರ ತಂತಿ ಸೇರಿಸುವುದು

ಅಂಗಡಿಯಲ್ಲಿ ಬೈಪಾಸ್ ಎಂದರೆ ಹೆಚ್ಚಾಗಿ ಇದೇ. ಆಂಪಿಗೆ ಬರುವ ತಂತಿಯನ್ನೂ ಅಲ್ಲಿಂದ ಸ್ಪೀಕರಿಗೆ ಹೋಗುವ ತಂತಿಯನ್ನೂ ಕತ್ತರಿಸಿ ಒಂದಕ್ಕೊಂದು ಜೋಡಿಸುವುದು. ಒಂದು ಗಂಟೆಯ ಕೆಲಸ, ಖರ್ಚು ಅತಿ ಕಡಿಮೆ. ಕೆಲವು ಮಾದರಿಗಳಿಗೆ ಸಿದ್ಧ ಬೈಪಾಸ್ ಕಪ್ಲರ್ ಸಿಗುತ್ತದೆ. ಸಿಕ್ಕರೆ ಕತ್ತರಿಸುವ ಪ್ರಮೇಯವೂ ಇಲ್ಲ, ಹತ್ತು ನಿಮಿಷದಲ್ಲಿ ಹಿಂದಿನಂತೆ ಮಾಡಲೂ ಬಹುದು.

ಈ ದಾರಿ ಯಾರಿಗೆ ಸರಿ? ಆಂಪ್ ಸತ್ತಿರುವ, ವಾರಂಟಿ ಮುಗಿದಿರುವ, ಸ್ಪೀಕರುಗಳು ನಾಲ್ಕು ಓಮ್ ಇರುವ, ಟ್ವೀಟರಿಗೆ ತನ್ನದೇ ಕೆಪಾಸಿಟರ್ (ಕೆಳಗಿನ ಸ್ವರಗಳನ್ನು ತಡೆಯುವ ಬಿಡಿ ಭಾಗ) ಇರುವ ಕಾರಿಗೆ. ಈ ಎಲ್ಲ ಷರತ್ತುಗಳೂ ಒಟ್ಟಿಗೆ ಇರಬೇಕು. ಕೆಪಾಸಿಟರ್ ಇಲ್ಲದಿದ್ದರೆ ಹಾಕಿಸಿ. ನಾಲ್ಕು ಓಮ್ ಟ್ವೀಟರಿಗೆ 4.7 ಮೈಕ್ರೊಫ್ಯಾರಡ್ ಹಾಕಿದರೆ ಸುಮಾರು 8,500 ಹರ್ಟ್ಸ್‌ಗಿಂತ ಕೆಳಗಿನದು ಕ್ರಮೇಣ ತಗ್ಗುತ್ತದೆ. 10 ಮೈಕ್ರೊಫ್ಯಾರಡ್ ಆದರೆ ಸುಮಾರು 4,000 ಹರ್ಟ್ಸ್. ಧನ-ಋಣ ಭೇದವಿಲ್ಲದ ಕೆಪಾಸಿಟರೇ ಆಗಬೇಕು. ಬಿಡಿ ಭಾಗದ ಬೆಲೆ ಒಂದು ಊಟಕ್ಕಿಂತ ಕಡಿಮೆ, ಉಳಿಸುವುದು ಸಾವಿರಾರು ರೂಪಾಯಿಯ ಟ್ವೀಟರನ್ನು.

ಕಳೆದುಕೊಳ್ಳುವುದು ಏನು? ಸ್ಟೀರಿಯೊಗೆ ನಾಲ್ಕೇ ಚಾನೆಲ್, ಆದ್ದರಿಂದ ಡ್ಯಾಶ್‌ಬೋರ್ಡಿನ ನಡುವಿನ ಸ್ಪೀಕರೂ ಸಬ್ ವೂಫರೂ ಸುಮ್ಮನಾಗುತ್ತವೆ. ಎಂಟು ಸ್ಪೀಕರಿಗೆಂದು ದುಡ್ಡು ಕೊಟ್ಟವರಿಗೆ ಇದು ದೊಡ್ಡ ನಷ್ಟ. ಎರಡನೆಯದು, ಆಂಪಿಗೆ ಬರುವ ತಂತಿ ಸಿಗ್ನಲಿಗೆಂದು ಎಳೆದದ್ದು, ಕೂದಲೆಳೆಯಷ್ಟು ತೆಳು ಇರುತ್ತದೆ. 20 ವ್ಯಾಟಿಗೆ ಅದು ಹೇಗೋ ಸಾಗುತ್ತದೆ. ಮುಂದೆಂದಾದರೂ ದೊಡ್ಡ ಆಂಪ್ ಹಾಕುವ ಯೋಚನೆ ಇದ್ದರೆ ಸಾಗುವುದಿಲ್ಲ. ಮೂರನೆಯದು, ಎಂಟು ಹತ್ತು ಜೋಡಗಳು ಸೀಟಿನ ಕೆಳಗೋ ಡಿಕ್ಕಿಯ ಮೂಲೆಗೋ ಬೀಳುತ್ತವೆ. ಅವನ್ನು ಬರೀ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಏಪ್ರಿಲ್ ಬಿಸಿಲಿಗೆ ಅಂಟು ಕರಗುತ್ತದೆ, ಜುಲೈ ತೇವಕ್ಕೆ ತಾಮ್ರ ಹಸಿರುಗಟ್ಟುತ್ತದೆ.

ಸ್ಪೀಕರ್ ಎರಡು ಓಮ್ ಎಂದು ಮೀಟರ್ ತೋರಿಸಿದರೆ ಈ ದಾರಿ ನಿಮ್ಮದಲ್ಲ. ಯಾರು ಎಷ್ಟು ಧೈರ್ಯ ಹೇಳಿದರೂ ಬೇಡ.

ದಾರಿ ಮೂರು: ಹೊಸ ತಂತಿ, ಹೊಸ ಆಂಪ್

ಸ್ಟೀರಿಯೊ ಹೊಸದು, ಆಂಪ್ ಹೊಸದು, ಸ್ಪೀಕರ್ ಹೊಸದು, ನಡುವಿನ ತಂತಿಯೂ ಹೊಸದು. ಹಳೆಯ ಆಂಪಿನ ನಾಲ್ಕು ಕೆಲಸಗಳಲ್ಲಿ ಬಲ, ಹಂಚಿಕೆ, ತಿದ್ದುಪಡಿ ಮೂರನ್ನೂ ಹೊಸ ಸಾಮಾನೇ ವಹಿಸಿಕೊಳ್ಳುತ್ತದೆ. ಹಳೆಯ ಫಾರ್ಚುನರ್, ಹಳೆಯ ಸೆಡಾನ್‌ಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರಿಗೆ, ಸಂಗೀತಕ್ಕೆಂದು ದುಡ್ಡು ಎತ್ತಿಟ್ಟಿರುವವರಿಗೆ ಇದು ಅತ್ಯುತ್ತಮ ಫಲ ಕೊಡುವ ದಾರಿ. ಅಂದಾಜು ಲೆಕ್ಕ ಹೇಳುವುದಾದರೆ ಒಳ್ಳೆಯ ನಾಲ್ಕು ಚಾನೆಲ್ ಆಂಪಿಗೆ ಹತ್ತರಿಂದ ಇಪ್ಪತ್ತು ಸಾವಿರ, ಮುಂದಿನ ಬಾಗಿಲಿನ ಕಾಂಪೊನೆಂಟ್ (ಟ್ವೀಟರ್ ಬೇರೆಯಾಗಿರುವ) ಸ್ಪೀಕರಿಗೆ ಐದರಿಂದ ಹದಿನೈದು ಸಾವಿರ, ತಾಮ್ರದ ವೈರಿಂಗ್ ಕಿಟ್ಟಿಗೆ ಮೂರು ನಾಲ್ಕು ಸಾವಿರ, ಕೂಲಿ ಬೇರೆ. ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇದ್ದೇ ಇರುತ್ತದೆ.

ತಂತಿಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕರಾವಳಿಯಲ್ಲಿ ಒಳ್ಳೆಯ ವ್ಯವಸ್ಥೆಗಳು ಕೆಡುವುದು ಹೆಚ್ಚಾಗಿ ತಂತಿಯಿಂದ. ಅಗ್ಗದ ಕಿಟ್ಟುಗಳಲ್ಲಿರುವುದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಅದೇ ದಪ್ಪದ ತಾಮ್ರದ ಸುಮಾರು ಶೇಕಡ 60ರಷ್ಟು ಮಾತ್ರ ವಿದ್ಯುತ್ತನ್ನು ಹರಿಸುತ್ತದೆ, ಉಪ್ಪುಗಾಳಿಗೆ ಬೇಗ ಸವೆಯುತ್ತದೆ. ಬ್ಲೇಡಿನಿಂದ ಒಂದೆಳೆ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ವಾಪಸು ಕೊಡಿ. ಬೋಟುಗಳಲ್ಲಿ ಬಳಸುವ ತವರ ಲೇಪಿತ ತಾಮ್ರವೂ ಹೊರಗಿನಿಂದ ಬೆಳ್ಳಗೆ ಕಾಣುತ್ತದೆ, ಕೆರೆದರೆ ಒಳಗೆ ಕೆಂಪು. ಅದು ಸಿಕ್ಕರೆ ನಮ್ಮ ಹವೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಸ್ಪೀಕರಿಗೆ 16 ಗೇಜ್ ಸಾಕು (ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ). ಸಾಧಾರಣ ನಾಲ್ಕು ಚಾನೆಲ್ ಆಂಪಿನ ಬ್ಯಾಟರಿ ತಂತಿಗೆ 8 ಗೇಜ್, ಸಬ್ ವೂಫರಿಗೂ ಸೇರಿಸಿ ದೊಡ್ಡದಾದರೆ 4 ಗೇಜ್. ಬ್ಯಾಟರಿಯಿಂದ ಹೊರಟ ತಂತಿಗೆ ಸುಮಾರು 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ಆ ಫ್ಯೂಸ್ ಕಾಪಾಡುವುದು ಆಂಪಿಗಿಂತ ಹೆಚ್ಚಾಗಿ ತಂತಿಯನ್ನು. ತಂತಿ ಎಲ್ಲಾದರೂ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದರೆ ಬೆಂಕಿ ತಡೆಯುವುದು ಅದೊಂದೇ. ಬ್ಯಾಟರಿ ತಂತಿ ಒಂದು ಬದಿಯಲ್ಲಿ, ಆರ್‌ಸಿಎ ಮತ್ತೊಂದು ಬದಿಯಲ್ಲಿ ಹೋಗಲಿ. ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕೀರಲು ಸದ್ದು ಏರುವ ಸಾಧ್ಯತೆ ಇದೆ. ಅರ್ಥಿಂಗ್ ಜೋಡಿಸುವ ಜಾಗದಲ್ಲಿ ಬಣ್ಣ ಕೆರೆದು ಲೋಹಕ್ಕೇ ಬಿಗಿಯಬೇಕು, ಆಮೇಲೆ ಅದರ ಮೇಲೆ ಗ್ರೀಸ್ ಬಳಿಯಬೇಕು.

ಬಾಗಿಲಿನ ವಿಷಯ. ಸ್ಪೀಕರ್ ಬದಲಿಸಲು ಬಾಗಿಲಿನ ಒಳಹೊದಿಕೆ ತೆಗೆದಾಗ ಒಂದು ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರನ್ನು ಹೊರಕ್ಕೆ ಹರಿಸುವುದು ಅದರ ಕೆಲಸ. ಅದನ್ನು ಹರಿದು ಬಿಸಾಡಿದರೆ ಮೊದಲ ಮಳೆಗೇ ನೀರು ಒಳಗೆ ಬರುತ್ತದೆ. ಡ್ಯಾಂಪಿಂಗ್ ಶೀಟ್ (ತಗಡಿನ ಕಂಪನ ತಗ್ಗಿಸುವ ಹಾಳೆ) ಅಂಟಿಸುವಾಗ ಬಾಗಿಲಿನ ಅಡಿಯಲ್ಲಿರುವ ನೀರು ಹೋಗುವ ತೂತುಗಳನ್ನು ಮುಚ್ಚಬಾರದು. ಮುಚ್ಚಿದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ಹಾಗೆಯೇ ಹೊಸ ಆಂಪನ್ನು ಸೀಟಿನ ಕೆಳಗೆ ಚಾಪೆಯ ಮಟ್ಟಕ್ಕೆ ಕೂರಿಸಬೇಡಿ. ಒದ್ದೆ ಚಪ್ಪಲಿಯ ನೀರು, ಎಸಿ ನಳಿಕೆ ಕಟ್ಟಿದಾಗ ಒಳಗೆ ಸೋರುವ ನೀರು, ಕೊಟ್ಟಾರ ಚೌಕಿಯಂಥ ಕಡೆ ಜೋರುಮಳೆಗೆ ರಸ್ತೆಯಲ್ಲೇ ನಿಲ್ಲುವ ನೀರು — ಎಲ್ಲವೂ ಮೊದಲು ಸೇರುವುದು ಅಲ್ಲಿಗೆ. ಒಂದೆರಡು ಅಂಗುಲ ಎತ್ತರದ ಹಲಗೆಯ ಮೇಲೆ ಕೂರಿಸಿ, ಅಥವಾ ಹಿಂದಿನ ಸೀಟಿನ ಬೆನ್ನಿಗೆ ಬಿಗಿಯಿರಿ. ಕಿಟಕಿ ಪಕ್ಕದ ಕಂಬದೊಳಗೆ ತಂತಿ ಎಳೆಯುವಾಗ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇರಬಹುದು. ಬ್ಯಾಟರಿಯ ಋಣ ತಂತಿ ಕಳಚಿಯೇ ಕೆಲಸ ಶುರು ಮಾಡಬೇಕು, ಹೊಸ ತಂತಿ ಏರ್‌ಬ್ಯಾಗಿನ ಹಿಂದಿನಿಂದ ಹೋಗಬೇಕು, ಮುಂದಿನಿಂದಲ್ಲ.

ದಾರಿ ನಾಲ್ಕು: ಪರದೆ ಹಳೆಯದೇ, ಆಂಪ್ ಮಾತ್ರ ಹೊಸದು

ಈಚಿನ ಕಾರುಗಳ ಪರದೆ ಬರೀ ಸ್ಟೀರಿಯೊ ಅಲ್ಲ. ಎಸಿ, 360 ಡಿಗ್ರಿ ಕ್ಯಾಮೆರಾ, ವಾಹನದ ಸೆಟ್ಟಿಂಗುಗಳು ಎಲ್ಲವೂ ಅದರಲ್ಲೇ. ಅದನ್ನು ಕಿತ್ತು ಬೇರೆ ಹಾಕುವುದರಲ್ಲಿ ಅರ್ಥವಿಲ್ಲ ಎಂದೇ ನಾನು ಹೇಳುತ್ತೇನೆ. ಗಲ್ಫ್‌ನಲ್ಲಿರುವ ಅಣ್ಣನೋ ಭಾವನೋ ದುಬೈಯಿಂದ ಒಳ್ಳೆಯ ಸ್ಟೀರಿಯೊ ತಂದುಕೊಟ್ಟಿರಬಹುದು. ನಿಮ್ಮ ಕಾರಿಗೆ ಅದರ ಚೌಕಟ್ಟು, ಕಪ್ಲರ್, ಕ್ಯಾನ್ ಬಸ್ ಪೆಟ್ಟಿಗೆ ಇಲ್ಲಿ ಸಿಗುತ್ತವೆಯೇ ಎಂದು ವಿಚಾರಿಸದೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ.

ಇಂಥ ಕಾರುಗಳಿಗೆ ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಇರುವ ಆಂಪ್ ಸೂಕ್ತ. ಕಂಪನಿಯ ಆಂಪಿಗೆ ಬರುವ ಅಥವಾ ಅದರಿಂದ ಹೊರಡುವ ಸಿಗ್ನಲನ್ನು ಇದು ಪಡೆದು, ಕಂಪನಿಯವರು ಮಾಡಿರುವ ಏರಿಳಿತವನ್ನು ಸಮಗೊಳಿಸಿ, ಮತ್ತೆ ಹೊಸದಾಗಿ ಹಂಚಿ ತಿದ್ದುತ್ತದೆ. ಎರಡು ಓಮ್ ಸ್ಪೀಕರನ್ನೂ ನಡೆಸಬಲ್ಲ ಆಂಪುಗಳು ಈ ವರ್ಗದಲ್ಲಿ ಸುಲಭವಾಗಿ ಸಿಗುತ್ತವೆ, ಆದ್ದರಿಂದ ಕಂಪನಿಯ ಸ್ಪೀಕರುಗಳನ್ನೇ ಇಟ್ಟುಕೊಳ್ಳಲೂ ಬಹುದು. ಬೆಲೆ ಇಪ್ಪತ್ತು ಸಾವಿರದಿಂದ ಶುರುವಾಗಿ ಐವತ್ತು ಸಾವಿರ ದಾಟುತ್ತದೆ. ಸಾಮಾನಿಗಿಂತ ಮುಖ್ಯ ಅದನ್ನು ಟ್ಯೂನ್ ಮಾಡುವವರ ಕಿವಿ ಮತ್ತು ತಾಳ್ಮೆ. ಮೈಕ್ ಇಟ್ಟು, ಲ್ಯಾಪ್‌ಟಾಪ್ ಹಿಡಿದು, ಚಾಲಕನ ಸೀಟಿನಲ್ಲಿ ಕುಳಿತು ಅಳೆಯದವರ ಕೈಗೆ ಡಿಎಸ್‌ಪಿ ಕೊಟ್ಟರೆ ಆ ದುಡ್ಡು ದಂಡ.

ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಎಂಜಿನಿನ ಗುಂಯ್‌ಗಾರವನ್ನು ಅಡಗಿಸಲು ಛಾವಣಿಯಲ್ಲಿ ಮೈಕ್ ಇರುತ್ತದೆ, ಆಂಪ್ ಅದಕ್ಕೆ ಎದುರು ಸದ್ದು ಹೊರಡಿಸುತ್ತದೆ. ಹೊಸ ಆಂಪ್, ಹೊಸ ಸಬ್ ವೂಫರ್ ಹಾಕಿದ ಮೇಲೆ ಆ ಲೆಕ್ಕ ತಪ್ಪಿ, ಹೆದ್ದಾರಿಯಲ್ಲಿ ಕಿವಿಗೆ ಒತ್ತುವ ಗುಮ್ಮು ಶುರುವಾಗಬಹುದು. ಆ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಲು ಆಗುತ್ತದೆಯೇ ಎಂದು ಮೊದಲೇ ತಿಳಿಯಿರಿ. ಬೀಪ್ ಮತ್ತು ಎಚ್ಚರಿಕೆಯ ಸದ್ದುಗಳು ಹೊಸ ಆಂಪಿನ ಮೂಲಕವೂ ಬರುತ್ತವೆಯೇ ಎಂಬುದನ್ನೂ.

ಆಂಪಿಗೆ ಕೈಹಾಕದೆ

ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಎಂದು ದಿನವೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವವರು “ಸದ್ದು ಸಾಲುತ್ತಿಲ್ಲ” ಎನ್ನುವಾಗ, ಸಾಲದಿರುವುದು ಆಂಪಿನ ಬಲವೇ ಆಗಿರಬೇಕಿಲ್ಲ. ಚಕ್ರದ ಮೊರೆತ, ಬಾಗಿಲಿನ ತೆಳು ತಗಡಿನ ಕಂಪನ ಸೇರಿ ಸಂಗೀತದ ಕೆಳಗಿನ ಸ್ವರಗಳನ್ನು ನುಂಗಿರುತ್ತವೆ. ಎರಡು ಮುಂಬಾಗಿಲಿಗೆ ಒಳ್ಳೆಯ ಡ್ಯಾಂಪಿಂಗ್ ಮಾಡಿಸಿ ನೋಡಿ. ಬೇಸ್ ಬೇಕಿದ್ದವರು ಸೀಟಿನ ಕೆಳಗೆ ಕೂರುವ ಆಂಪ್ ಸಹಿತದ ಸಣ್ಣ ಸಬ್ ವೂಫರ್ ಸೇರಿಸಬಹುದು; ನೀರಿನ ಮಾತು ಅದಕ್ಕೂ ಅನ್ವಯ. ಇಷ್ಟರಲ್ಲೇ ತೃಪ್ತರಾಗುವವರು ನೀವಂದುಕೊಂಡಿರುವುದಕ್ಕಿಂತ ಹೆಚ್ಚು.

ಹಾಗಾದರೆ ನಿಮಗೆ ಯಾವುದು?

ಕಾರು ಹೊಸದು, ವಾರಂಟಿ ಇದೆ, ಪರದೆ ಚೆನ್ನಾಗಿದೆ ಎಂದಾದರೆ ಡ್ಯಾಂಪಿಂಗಿನಿಂದ ಶುರು ಮಾಡಿ. ಸಾಲದಿದ್ದರೆ ಕಪ್ಲರಿಗೆ ಕಪ್ಲರ್ ಕೂರುವ ಡಿಎಸ್‌ಪಿ ಆಂಪ್. ಕಾರಿಗೆ ಆರೇಳು ವರ್ಷವಾಗಿದೆ, ಆಂಪ್ ಗಟ್ಟಿಮುಟ್ಟಾಗಿದೆ, ನಿಮಗೆ ಬೇಕಿರುವುದು ದೊಡ್ಡ ಪರದೆ ಮತ್ತು ನಕ್ಷೆ ಮಾತ್ರ ಎಂದಾದರೆ ಮೊದಲ ದಾರಿ. ಆಂಪ್ ನೀರು ಕುಡಿದು ಸತ್ತಿದೆ, ಖರ್ಚಿಗೆ ಹೆಚ್ಚಿಲ್ಲ, ನೀವು ಕೇಳುವುದು ಸುದ್ದಿ ಮತ್ತು ಅರ್ಥಗಾರಿಕೆ ಎಂದಾದರೆ ಎರಡನೆಯ ದಾರಿ, ಓಮ್ ನೋಡಿಕೊಂಡು, ಟ್ವೀಟರಿಗೆ ಕೆಪಾಸಿಟರ್ ಹಾಕಿಸಿಕೊಂಡು. ಎರಡು ಓಮ್ ಸ್ಪೀಕರ್, ಸತ್ತ ಆಂಪ್, ಸಣ್ಣ ಬಜೆಟ್ ಮೂರೂ ಒಟ್ಟಿಗೆ ಬಂದರೆ? ಮುಂಬಾಗಿಲಿನ ಎರಡು ಸ್ಪೀಕರುಗಳನ್ನು ನಾಲ್ಕು ಓಮ್‌ನದ್ದಕ್ಕೆ ಬದಲಿಸಿ, ಅವೆರಡನ್ನೇ ಸ್ಟೀರಿಯೊಗೆ ಜೋಡಿಸಿ, ಹಿಂದಿನವನ್ನು ಸದ್ಯಕ್ಕೆ ಬಿಟ್ಟುಬಿಡಿ. ಚೆನ್ನಾಗಿ ನುಡಿಯುವ ಎರಡು ಸ್ಪೀಕರ್ ಒಡಕಾಗಿ ಕೂಗುವ ಆರಕ್ಕಿಂತ ಮೇಲು. ದುಡ್ಡು ಕೂಡಿದಾಗ ಮೂರನೆಯ ದಾರಿಗೆ ಇದೇ ಅಡಿಪಾಯವಾಗುತ್ತದೆ.

ಅಂಗಡಿಯವರನ್ನು ಕೇಳಬೇಕಾದದ್ದು: ತಂತಿ ಕತ್ತರಿಸುತ್ತೀರಾ, ಕಪ್ಲರ್ ತರಿಸುತ್ತೀರಾ? ಓಮ್ ನೋಡಿದಿರಾ? ಜೋಡಗಳಿಗೆ ಟೇಪ್ ಸುತ್ತುತ್ತೀರಾ, ಕ್ರಿಂಪ್ ಮಾಡಿ (ಒತ್ತಿ ಬಿಗಿದು) ಹೀಟ್ ಶ್ರಿಂಕ್ (ಶಾಖಕ್ಕೆ ಕುಗ್ಗುವ ಕೊಳವೆ) ಹಾಕುತ್ತೀರಾ? ಇವಕ್ಕೆ ನೇರ ಉತ್ತರ ಕೊಡುವವರು ಎರಡು ಸಾವಿರ ಹೆಚ್ಚು ಕೇಳಿದರೂ ಅವರಲ್ಲೇ ಮಾಡಿಸಿ. ದುಡ್ಡು ಕೊಡುವ ಮೊದಲು ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಹೆಡ್‌ಲೈಟ್ ಉರಿಸಿ, ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಚೆಂಡೆ-ಮದ್ದಳೆಯ ಧ್ವನಿಮುದ್ರಣವನ್ನು ಜೋರಾಗಿ ಹತ್ತು ನಿಮಿಷ ಬಿಡದೆ ಕೇಳಿ. ಒಂದು ಕರೆ ಮಾಡಿ ಆಚೆಯವರಿಗೆ ಕೇಳಿಸುತ್ತದೆಯೇ ನೋಡಿ. ರಿವರ್ಸ್ ಗೇರ್ ಹಾಕಿ ಬೀಪ್ ಬರುತ್ತದೆಯೇ ಪರೀಕ್ಷಿಸಿ. ಹೊಸ ಸಾಮಾನಿನ ಬಿಲ್ ಪಡೆದು ವಿಮಾ ಕಂಪನಿಗೆ ತಿಳಿಸಿ. ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳಿಗೆ ರಕ್ಷಣೆ ಬೇಕಿದ್ದರೆ ಅವನ್ನು ಪಾಲಿಸಿಯಲ್ಲಿ ಬರೆಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಾಗುತ್ತದೆ. ಕಳಚಿದ ಕಂಪನಿಯ ಸ್ಟೀರಿಯೊ, ಆಂಪ್, ಕಪ್ಲರ್ ಯಾವುದನ್ನೂ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ತೇವ ತಾಗದ ಹಾಗೆ ಕಟ್ಟಿ ಮನೆಯಲ್ಲಿಡಿ, ಕಾರು ಮಾರುವ ದಿನ ಕೊಳ್ಳುವವರು ಅವನ್ನೇ ಕೇಳುತ್ತಾರೆ.